ಕಾಲುವೆಗೆ ಮೂಗುದಾರ ಹಾಕಿದವರು

ನಮ್ಮ ಮಾವ ಮಕ್ಕಳನ್ನು ಬೆರಳು ಹಿಡಿದು ನಡೆಸಿದ್ದನ್ನು ನಾನು ನೋಡಿಯೇ ಇಲ್ಲ. ಅವರು ಹಿಡಿಯುತ್ತಿದ್ದುದು ಮುಂಗೈಯನ್ನು. ಗುದ್ದಲಿ ಹಿಡಿದು ಜಡ್ಡುಗಟ್ಟಿದ ಅಂಗೈ, ನಡುವೆ ಸೀಳಿ ಕಪ್ಪಾದ ಹೆಬ್ಬೆರಳಿನ ಉಗುರು. ಆ ಕೈ ಬಿಟ್ಟ ಮೇಲೂ ನನ್ನ ಮಗಳ ಮುಂಗೈಯಲ್ಲಿ ಸ್ವಲ್ಪ ಹೊತ್ತು ಕೆಂಪು ಗುರುತು ಉಳಿದಿರುತ್ತಿತ್ತು.

"ನೋವಾಗ್ತೈತೆ ಅಜ್ಜ, ಬಿಡು," ಎಂದು ಅವಳು ಕೊಸರಾಡುತ್ತಿದ್ದಳು.

"ಆಗ್ಲಿ ಬಿಡವ್ವ. ಬೆರಳು ಹಿಡಿದ್ರೆ ಜಾರ್ತಾವೆ. ಮುಂಗೈ ಜಾರಲ್ಲ."

ಮಾವ ಭಾನುವಳ್ಳಿಯಲ್ಲಿ ಭತ್ತ ಬೆಳೆಯುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ನೀರೆಂದರೆ ನಲ್ಲಿಯಲ್ಲಿ ಬರುವಂಥದ್ದು ಎಂದುಕೊಂಡಿದ್ದವಳು. ಮದುವೆಯಾದ ಮೇಲೂ ನಾನಿದ್ದದ್ದು ಪಟ್ಟಣದಲ್ಲೇ, ನಿಟ್ಟುವಳ್ಳಿಯಲ್ಲಿ. ನನ್ನ ಗಂಡನಿಗೆ ಅಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ. ಅತ್ತೆ, ಮಾವ, ಮೈದುನ, ಅವನ ಹೆಂಡತಿ ಊರಲ್ಲಿ. ಹಬ್ಬ, ನಾಟಿ, ಸುಗ್ಗಿ ಅಂದರೆ ನಾವೂ ಅಲ್ಲಿಗೇ.

ಮಾವನ ದುಡಿಮೆಯ ಬಗ್ಗೆ ಊರಲ್ಲಿ ಎರಡು ಮಾತಿರಲಿಲ್ಲ. ನಾವು ಏಳುವ ಹೊತ್ತಿಗೆ ಅವರು ಗದ್ದೆಗೆ ಒಂದು ಸುತ್ತು ಹಾಕಿ ಬಂದಿರುತ್ತಿದ್ದರು. ಬದುವಿನಲ್ಲಿ ಏಡಿ ತೋಡಿದ ತೂತುಗಳನ್ನು ಹಿಮ್ಮಡಿಯಿಂದ ತುಳಿದು ತುಳಿದು ಮುಚ್ಚುವುದು ಅವರ ಅಭ್ಯಾಸ. ಅದು ಎಷ್ಟು ಮೈಗೂಡಿತ್ತೆಂದರೆ ನಿಟ್ಟುವಳ್ಳಿಯ ನಮ್ಮ ಮಹಡಿ ಮನೆಯ ಟೈಲ್ಸ್ ಮೇಲೂ ಹಿಮ್ಮಡಿ ಒತ್ತಿ ಧಪಧಪ ನಡೆಯುತ್ತಿದ್ದರು. ಕೆಳಗಿನ ಮನೆಯವರು ನನ್ನನ್ನು ಕೇಳಿದ್ದೂ ಉಂಟು, ಮೇಲೆ ಏನು ಕುಟ್ಟುತ್ತೀರಿ ಎಂದು. ಜ್ವರ ಬಂದರೂ ಅವರು ಮಲಗಿದವರಲ್ಲ. ಮಲಗಿದರೆ ಜ್ವರಕ್ಕೆ ಸಲುಗೆ ಕೊಟ್ಟ ಹಾಗೆ ಎನ್ನುತ್ತಿದ್ದರು.

ಇಷ್ಟು ಗಟ್ಟಿ ಮನುಷ್ಯ ಮಹಾ ಪುಕ್ಕಲು. ಇದನ್ನು ನಾನು ಹೇಳುತ್ತಿಲ್ಲ, ಊರೇ ಹೇಳುತ್ತಿತ್ತು. ನಿಟ್ಟುವಳ್ಳಿಗೆ ಬಂದರೆ ಅಕ್ಕಿ ಚೀಲ ಇಳಿಸಿದವರೇ ಮೊದಲು ಹೋಗುತ್ತಿದ್ದುದು ಅಂಗಳದ ನೀರಿನ ಸಂಪಿನ ಹತ್ತಿರ. ಅದರ ಮುಚ್ಚಳ ತುಳಿದು ನೋಡಿ, ಸಾಲದೆಂದು ಹಳೆಯ ರುಬ್ಬುಗುಂಡನ್ನು ಅದರ ಮೇಲೆ ಹೇರಿ ಹೋಗುತ್ತಿದ್ದರು. ಆಮೇಲೆ ಅದನ್ನು ಸರಿಸುವ ಪಾಡು ನನ್ನದು. ನಾವು ಊರಿಂದ ಹೊರಟರೆ ಬಸ್ಸು ಹರಿಹರ ದಾಟುವಷ್ಟರಲ್ಲಿ ಫೋನು: "ಮುಟ್ಟಿದ್ರಾ?" ಇನ್ನೂ ಇಲ್ಲ ಎಂದರೆ, "ಯಾಕ? ಏನಾತು?"

ಎಲ್ಲಕ್ಕಿಂತ ದೊಡ್ಡ ಭಯ ಕಾಲುವೆಯದು. ಗದ್ದೆಯ ಪಕ್ಕದಲ್ಲೇ ಕಾಲುವೆ, ಬಟ್ಟೆ ಒಗೆಯಲು ಕಲ್ಲಿನ ಮೆಟ್ಟಿಲು, ಅದರ ಸ್ವಲ್ಪ ಕೆಳಗೆ ದಡದಲ್ಲೊಂದು ಬೇವಿನ ಮರ. ಆ ಮರಕ್ಕೆ ಮಾವ ಉದ್ದನೆಯ ನಾರಿನ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿರುತ್ತಿದ್ದರು. ಮೆಟ್ಟಿಲಲ್ಲಿ ಜಾರಿದವರು ತೇಲಿ ಬಂದರೆ ಹಿಡಿಯಲು ಏನಾದರೂ ಇರಲಿ ಎಂದು. ಒದ್ದೆ ಕೈ ಜಾರಬಾರದೆಂದು ಉದ್ದಕ್ಕೂ ಗಂಟುಗಳು. ಪ್ರತಿ ವರ್ಷ ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಡುವ ಮುಂಚೆ ನೆನೆದು ಕೊಳೆತ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಬೇಕು. ಕಟ್ಟಿದ ಮೇಲೆ ಒಣ ಕಾಲುವೆಗೆ ಇಳಿದು, ಹಗ್ಗ ಹಿಡಿದು ಹಿಂದಕ್ಕೆ ಬಾಗಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನೋಡಬೇಕು. ಬೆಳೆದ ಗಂಡಸು ಹಗ್ಗಕ್ಕೆ ಜೋತಾಡುವುದನ್ನು ನೋಡಿ ಪಕ್ಕದ ಗದ್ದೆಯವನು ಕೂಗುತ್ತಿದ್ದ: "ಏನ್ ಕಾಕಾ, ಚಾನಲ್‌ಗೆ ಮೂಗುದಾರ ಹಾಕಿದ್ರಾ?"

"ಹೂಂನಪ್ಪ. ಹಾಯ್ತೈತೆ ಅದು," ಎನ್ನುತ್ತಿದ್ದರು ಮಾವ, ನಗದೆ.

ಹಿಂದೆ ಏನೋ ನಡೆದಿರಬೇಕು ಎಂದು ನಾನು ಒಮ್ಮೆ ಅತ್ತೆಯನ್ನು ಕೇಳಿದೆ. ಯಾರಾದರೂ ಕೊಚ್ಚಿ ಹೋಗಿದ್ದರಾ ಈ ಕಾಲುವೆಯಲ್ಲಿ?

ಅತ್ತೆ ನಕ್ಕರು. "ಏನೂ ನಡೆದಿಲ್ಲ ತಾಯಿ. ಮದ್ವೆಗೆ ಮುಂಚೆ ಸೇತುವೆ ಮ್ಯಾಲಿಂದ ಇದೇ ಚಾನಲ್‌ಗೆ ದುಮುಕೋರು ಇವ್ರು. ಮೀನಿದ್ದಂಗೆ ಇದ್ರು. ನಿನ್ನ ಗಂಡ ಹುಟ್ಟಿದ ನೋಡು, ಅವತ್ತಿಂದ ನೀರಿಗೆ ಕಾಲಿಟ್ಟಿಲ್ಲ."

ಅದನ್ನು ಕೇಳಿ ನಾನೂ ನಕ್ಕೆ. ಮಗು ಹುಟ್ಟಿದ್ದಕ್ಕೆ ಈಜು ಬಿಡುವುದೆಂದರೇನು! ಆ ನಗು ಬಹಳ ದಿನ ಉಳಿಯಲಿಲ್ಲ.

ಮಹಾನವಮಿ ಹತ್ತಿರವಿತ್ತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ, ಹೊದಿಕೆ, ಕೌದಿ ಎಲ್ಲವೂ ಕಾಲುವೆಗೆ ಹೋಗಿ ಬರಬೇಕು, ಒಗೆಯದ ಬಟ್ಟೆ ಒಂದೂ ಒಳಗಿರಬಾರದು. ನೆನೆದ ಕೌದಿಯೆಂದರೆ ಹೆಣಭಾರ. ಹರಿಯುವ ನೀರಿನಲ್ಲಿ ಜಾಲಿಸುವಾಗ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಹೆಂಗಸರು ಕೌದಿಯ ಅಂಚನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದು. ಮಾವನಿಗೆ ಅದನ್ನು ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಆ ದಿನ ಗದ್ದೆ ಕೆಲಸ ಬಿಟ್ಟು ಬೇವಿನ ಮರದ ಕೆಳಗೆ ಕಾವಲು ಕೂತಿದ್ದರು.

"ಸುತ್ಕೋಬ್ಯಾಡ್ರಿ. ಹೋದ್ರೆ ಹೋಗ್ಲಿ ಕೌದಿ, ಬಿಟ್ಟುಬಿಡ್ರಿ."

ಹೂಂ ಎಂದೆವು. ಆದರೆ ನನ್ನ ಕೈಯಲ್ಲಿದ್ದದ್ದು ನನ್ನ ಮಗಳು ಹುಟ್ಟಿದಾಗ ಅತ್ತೆ ತಮ್ಮ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ. ಅದನ್ನು ಹೇಗೆ ಬಿಡಲಿ? ಮಾವನಿಗೆ ಬೆನ್ನು ಮಾಡಿ ನಿಂತು ಸುತ್ತಿಕೊಂಡೆ.

ಕೌದಿ ನೀರು ಕುಡಿದು ಒಮ್ಮೆಲೇ ಎಳೆಯಿತು. ಪಾಚಿಯ ಮೇಲೆ ಕಾಲು ಜಾರಿತು. ಮೆಟ್ಟಿಲು ತಪ್ಪಿದ್ದು ಗೊತ್ತಾಯಿತು, ಆಮೇಲೆ ಕಾಲಿಗೆ ಏನೂ ಸಿಗಲಿಲ್ಲ. ಆ ಭಯವನ್ನು ಈಗಲೂ ಬರೆಯಲು ನನಗೆ ಭಯ. ಕೈಯನ್ನು ಯಾರೋ ಹಿಡಿದು ಎಳೆದೊಯ್ಯುತ್ತಿದ್ದಾರೆ, ಬಿಡಿಸಿಕೊಳ್ಳಲು ಆಗುತ್ತಿಲ್ಲ, ಬಾಯಿ ತೆರೆದರೆ ಕೆಸರು ನೀರು. ಮಗಳು ದಡದಲ್ಲಿ ನಿಂತಿದ್ದಳು. ಅವಳು ನೋಡುತ್ತಿದ್ದಾಳೆ ಎಂಬುದೊಂದೇ ನನಗೆ ಆಗ ಹೊಳೆದದ್ದು.

ಇನ್ನೊಂದು ಮುಂಗೈಗೆ ಏನೋ ಬಿಗಿಯಾಗಿ ಕಚ್ಚಿಕೊಂಡಿತು. ಮಾವನ ಕೈ. ಒಂದು ಕೈಯಲ್ಲಿ ಹಗ್ಗ ಹಿಡಿದು, ಉಟ್ಟ ಪಂಚೆಯಲ್ಲೇ ಕಾಲುವೆಗೆ ದುಮುಕಿದ್ದರು. ಅತ್ತೆ, ವಾರಗಿತ್ತಿ ಅರಚುತ್ತಾ ದಡದಿಂದ ಹಗ್ಗ ಎಳೆದರು. ಎಳೆತಕ್ಕೆ ಕೌದಿಯ ಸುತ್ತು ಬಿಚ್ಚಿ ಹೋಯಿತು, ನಾವಿಬ್ಬರೂ ಕಲ್ಲಿಗೆ ಬಂದು ಬಿದ್ದೆವು.

ಬೈಯುತ್ತಾರೆಂದು ಕಾದೆ. ಅವರ ಹಲ್ಲು ಕಟಕಟ ಎನ್ನುತ್ತಿದ್ದವು, ನೀರಿನ ಚಳಿಗಲ್ಲ. ನನ್ನ ಮುಂಗೈ ಬಿಡದೆ ಕೂತೇ ಇದ್ದರು.

"ಕೌದಿ ಹೋದ್ರೆ ನಿಮ್ಮತ್ತಿ ಇನ್ನೊಂದು ಹೊಲಿತಾಳವ್ವ. ನಿನ್ನ ಎಲ್ಲಿಂದ ತರ್ಲಿ?"

ಮನೆ ಮುಟ್ಟುವ ತನಕ ಕೈ ಬಿಡಲಿಲ್ಲ. ಹೊಸ್ತಿಲಲ್ಲಿ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು: "ನಿಮ್ಮಪ್ಪಾರಿಗೆ ಹೇಳಬ್ಯಾಡ. ಅವ್ರೂ ಹೆದರ್ಕೊಂತಾರೆ." ಆಮೇಲೆ ಒಣ ಪಂಚೆ ಉಟ್ಟು ಗದ್ದೆಗೆ ಗೊಬ್ಬರ ಎರಚಲು ಹೋದರು.

ಅಂದಿನಿಂದ ಅವರ ರೋಗ ನನಗೂ ಅಂಟಿತು. ನಿಟ್ಟುವಳ್ಳಿಯ ಸಂಪಿನ ಮೇಲಿನ ರುಬ್ಬುಗುಂಡನ್ನು ಈಗ ನಾನೇ ಇಡುತ್ತೇನೆ. ಮಗಳು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಗೇಟಿಗೆ ಓಡಿ ಬೀದಿ ನೋಡುತ್ತಾ ನಿಲ್ಲುತ್ತೇನೆ. ಗಂಡ ರೇಗಿಸುತ್ತಾನೆ, "ಥೇಟ್ ನಮ್ಮಪ್ಪ ಆಗಿಬಿಟ್ಟೆ ನೀನು" ಎಂದು. ಈ ಭಯ ಹೊತ್ತು ಬದುಕುವುದು ಎಷ್ಟು ಕಷ್ಟ ಎಂದು ಅನುಭವಿಸಿದ ಮೇಲೆಯೇ ನನಗೆ ಮಾವ ಅರ್ಥವಾದದ್ದು. ಇಷ್ಟೂ ಜನರಿಗಾಗಿ ಭಯ ಹೊತ್ತುಕೊಂಡೇ ಆ ಮನುಷ್ಯ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಿದ್ದರು.

ಈ ಮಳೆಗಾಲದಲ್ಲಿ ಅವರಿಗೆ ಉಸಿರಾಟದ ತೊಂದರೆ ಜೋರಾಗಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಊರಿನ ಮನೆಗೆ ಬೀಗ ಹಾಕಿ ಎಲ್ಲರೂ ಇಲ್ಲಿಗೇ ಬಂದಿದ್ದರು. ಅಂದು ಬೆಳಿಗ್ಗೆ ಮಂಚದ ಪಕ್ಕ ನಾನೊಬ್ಬಳೇ ಇದ್ದೆ. ನನ್ನ ಮುಂಗೈ ಅವರ ಕೈಯಲ್ಲಿತ್ತು. ಹಿಡಿತದಲ್ಲಿ ಮೊದಲಿನ ಬಲವಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅವರು ಮೂಗಿನ ಮೇಲಿನ ಮಾಸ್ಕ್ ಸರಿಸಿದರು.

"ನೀರು ಬಿಡ್ತಾರಂತಾ?"

"ಇವತ್ತೋ ನಾಳೆನೋ ಅಂತ ಹೇಳ್ತಿದ್ರು ಮಾವ."

"ಹಗ್ಗ?"

ಯಾರಿಗೂ ನೆನಪಾಗಿರಲಿಲ್ಲ. "ಇನ್ನೂ ಇಲ್ಲ," ಎಂದೆ. ಸಾವು ಎದುರಿಗಿದ್ದರೂ ಅಂಜದೆ ಮಲಗಿದ್ದ ಆ ಕಣ್ಣುಗಳಲ್ಲಿ ಹಳೆಯ ದಿಗಿಲು ಎದ್ದು ನಿಂತಿತು.

"ಮತ್ತೆ ಇಲ್ಲಿ ಯಾಕ ಕುಂತೀಯವ್ವ? ಹೋಗು. ಹೊಸ ಹಗ್ಗ ತಗಂಡು ಹೋಗು."

ಹಾಗೆಂದು ನನ್ನ ಕೈ ಬಿಟ್ಟರು. ತಾವಾಗಿಯೇ.

ಅತ್ತೆಯನ್ನು ಒಳಗೆ ಕಳಿಸಿ ಬಸ್ಸು ಹತ್ತಿದೆ. ಹರಿಹರದಲ್ಲಿ ಇಳಿದು ಹಗ್ಗ ಕೊಂಡು ಭಾನುವಳ್ಳಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಇದೇ ಯೋಚನೆ: ಅಲ್ಲಿ ಅವರಿಗೇನಾಗುತ್ತದೋ, ಇಲ್ಲಿ ನೀರು ಬಂದುಬಿಡುತ್ತದೋ. ಕಾಲುವೆ ಇನ್ನೂ ಒಣಗಿತ್ತು. ಬ್ಯಾಗು ದಡದಲ್ಲಿಟ್ಟು ಹಳೆಯದನ್ನು ಬಿಚ್ಚಿದೆ, ಹೊಸದನ್ನು ಮರಕ್ಕೆ ಬಿಗಿದೆ, ತುದಿ ಹಿಡಿದು ಕಾಲುವೆಗೆ ಇಳಿದು ಒಂದೊಂದೇ ಗಂಟು ಹಾಕುತ್ತಾ ಬಂದೆ. ಮೇಲಿನಿಂದ ನೀರಿನ ಸದ್ದು ಬರುತ್ತದೋ ಎಂದು ಕಿವಿ ಅತ್ತಲೇ ಇತ್ತು.

ಬಂದದ್ದು ಬ್ಯಾಗಿನೊಳಗಿನ ಫೋನಿನ ಸದ್ದು. ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಏನೆಂದು ನನಗೆ ತಿಳಿಯಿತು. ಓಡಿ ಹತ್ತಬೇಕೆನಿಸಿತು, ಆದರೆ ಕೊನೆಯ ಗಂಟು ಅರ್ಧಕ್ಕೆ ನಿಂತಿತ್ತು. ಬಿಟ್ಟರೆ ಸಡಿಲವಾದೀತೆಂದು ಹೆದರಿದೆ. ಅಳುತ್ತಾ ಅದನ್ನು ಬಿಗಿದೆ. ಆಮೇಲೆ ಹಿಂದಕ್ಕೆ ಬಾಗಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನೋಡಿದೆ. ಹಗ್ಗ ತಡೆಯಿತು. ಅದನ್ನೇ ಹಿಡಿದು ದಡ ಹತ್ತಿ ಫೋನ್ ಎತ್ತಿದೆ.