ಚಾಲು ಎಂದರೆ ಸಾಕು

ಅನ್ನಮ್ಮನ ಎಡ ಹುಬ್ಬು ಮುಗಿದು ಬಲ ಹುಬ್ಬು ಶುರುವಾಗಿತ್ತು. ದಾರದ ಒಂದು ತುದಿ ಸುಮಂಗಲಾಳ ಹಲ್ಲಿನಲ್ಲಿತ್ತು, ಉಳಿದದ್ದು ಎರಡೂ ಕೈಗಳ ಬೆರಳುಗಳಲ್ಲಿ. ಈ ಕೆಲಸ ಮಾಡುವಾಗ ಅವಳು ಮಾತಾಡುವುದಿಲ್ಲ. ಮಾತಾಡಿದರೆ ದಾರ ಜಾರುತ್ತದೆ, ಗಿರಾಕಿಯ ಹುಬ್ಬಿನಲ್ಲಿ ಬೋಳು ಉಳಿಯುತ್ತದೆ. ಸನತ್‌ನಗರದ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ, ಮನೆಯ ಮುಂದಿನ ಕೋಣೆಯನ್ನೇ ಪಾರ್ಲರ್ ಮಾಡಿಕೊಂಡು, ಹೀಗೆ ಬಾಯಿ ಬಿಗಿಹಿಡಿದೇ ಅವಳು ಹೆಸರು ಗಳಿಸಿದ್ದಳು.

ಬೆನ್ನ ಹಿಂದೆ, ಮೇಜಿನ ಮೇಲೆ ಮುಖಕ್ಕೆ ಹಚ್ಚುವ ಸೀರಮ್ ತಯಾರಾಗುತ್ತಿತ್ತು.

ಸುಮಂಗಲಾ ಮದುವೆಯಾಗಿ ಕುಷ್ಟಗಿ ಕಡೆಯಿಂದ ಹೈದರಾಬಾದಿಗೆ ಬಂದವಳು. ಗಂಡ ಹುಲಗೇಶ ಪಟಾನ್‌ಚೆರುವಿನ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ಪಾರ್ಲರಿಗೆ ಮೊದಮೊದಲು ಬರುತ್ತಿದ್ದವರು ಕ್ವಾರ್ಟರ್ಸಿನ ಹೆಂಗಸರು. ಆಮೇಲೆ ಸುತ್ತಮುತ್ತ ರೂಮು ಮಾಡಿಕೊಂಡ ಸಾಫ್ಟ್‌ವೇರ್ ಹುಡುಗಿಯರು ಬರತೊಡಗಿದರು. ಅವರ ಪ್ರಶ್ನೆಗಳೇ ಬೇರೆ. ಕ್ವಾರ್ಟರ್ಸಿನವರು ಯಾವ ಕ್ರೀಮು ಎಂದು ಕೇಳಿದರೆ ಇವರು ಅದರಲ್ಲಿ ಯಾವುದು ಎಷ್ಟು ಪರ್ಸೆಂಟು ಎಂದು ಕೇಳುತ್ತಿದ್ದರು. ಸುಮಂಗಲಾ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ವಿಟಮಿನ್ ಸಿ, ನಯಾಸಿನಮೈಡ್ ಎಂಬ ಹೆಸರುಗಳನ್ನು ದೇವರ ನಾಮದಂತೆ ಬಾಯಿಪಾಠ ಮಾಡಿಕೊಂಡಳು.

ಅವರಲ್ಲೊಬ್ಬಳು ಮೈಸೂರಿನ ಪೂರ್ವಿ. ಅವಳ ಕಂಪನಿ ಹೆಂಗಸರ ವಿಶ್ರಾಂತಿ ಕೋಣೆಯ ಪಕ್ಕದಲ್ಲಿ, ವಾರಕ್ಕೆರಡು ದಿನ, ಪಾರ್ಲರಿನವರಿಗೆ ಒಂದು ಕುರ್ಚಿ ಹಾಕಿಕೊಡಲು ಒಪ್ಪಿತ್ತು. ಅದಕ್ಕೆ ಇಬ್ಬರ ಹೆಸರು ಬಂದಿತ್ತು: ಅಮೀರ್‌ಪೇಟೆಯ ಒಂದು ದೊಡ್ಡ ಪಾರ್ಲರಿನದು ಮತ್ತು, ಪೂರ್ವಿಯ ಒತ್ತಾಯದಿಂದ, ಸುಮಂಗಲಾಳದು. ಆಯ್ಕೆಗಾಗಿ ಇಬ್ಬರೂ ತಾವೇ ತಯಾರಿಸಿದ ಸೀರಮ್ಮಿನ ಒಂದೊಂದು ಶೀಶೆ ಕೊಡಬೇಕಿತ್ತು. ಸುಮಂಗಲಾ ಆ ಕುರ್ಚಿಯನ್ನು ಹೋಗಿ ನೋಡಿಬಂದಿದ್ದಳು. ಅದು ಹಿಂದಕ್ಕೆ ಬಾಗುತ್ತಿತ್ತು. ಅವಳ ಪಾರ್ಲರಿನದು ಊಟದ ಮೇಜಿನ ಕುರ್ಚಿ. ಗಿರಾಕಿ ತಲೆ ಒರಗಿಸಲೆಂದು ಅದಕ್ಕೆ ದಿಂಬು ಕಟ್ಟಲಾಗಿತ್ತು. ಬಾಗುವ ಕುರ್ಚಿಯ ಮೇಲೆ ಅವಳ ಮನಸ್ಸೆಲ್ಲ ನೆಟ್ಟಿತ್ತು.

ಪೂರ್ವಿ ಅಂದು ಸಂಜೆ ಶೀಶೆ ಒಯ್ಯಲು ಬರುವವಳಿದ್ದಳು. ಬಟ್ಟಲಿನ ನೀರಿಗೆ ನಯಾಸಿನಮೈಡ್ ಬಿದ್ದು ಕರಗಿತ್ತು. ಇನ್ನು ಹಯಲುರಾನಿಕ್ ಆಸಿಡ್ ಎಂಬ ಬಿಳಿ ಪುಡಿಯನ್ನು ಒಂದು ಚಿಟಿಕೆ ಉದುರಿಸಿ ಕಲಕಬೇಕು ಎನ್ನುವಷ್ಟರಲ್ಲಿ ಅನ್ನಮ್ಮ ಬಂದಳು. ಅವಳದು ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಬಸ್ಸಿಗೆ ಹೊತ್ತಾಗಿತ್ತು. ಸುಮಂಗಲಾ ಪುಡಿಯ ಪ್ಯಾಕೆಟ್ಟನ್ನು ಅತ್ತೆ ಗಂಗಾಬಾಯಿಯ ಕೈಗಿಟ್ಟಳು. ಆಸಿಡ್ ಎಂಬ ಮಾತು ಕೇಳಿ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅದು ಹೆಸರಿಗಷ್ಟೇ ಆಸಿಡ್, ನೀರು ಹೀರಿಕೊಳ್ಳುವ ಪುಡಿ ಎಂದು ಸೊಸೆ ಸಮಾಧಾನ ಹೇಳಿದಳು.

"ಕನ್ನಡ್ಯಾಗ ಅನ್ನಮ್ಮಗ ಎಲ್ಲಾ ಕಾಣಸ್ತೈತ್ರಿ ಅತ್ತಿ. ಆಕಿ ಹ್ಯಾಂಗ ಹೇಳ್ತಾಳ ಹಂಗ ಮಾಡ್ರಿ," ಎಂದಳು. ಒಂದು ಚಿಟಿಕೆ ಎಂದು ಅನ್ನಮ್ಮನಿಗೆ ತೆಲುಗಿನಲ್ಲಿ ಹೇಳಿ ದಾರವನ್ನು ಹಲ್ಲಿಗೆ ಕಚ್ಚಿದಳು.

ಗಂಗಾಬಾಯಿ ಚಿಟಿಕೆ ಪುಡಿ ಉದುರಿಸಿದಳು. ಕನ್ನಡಿಯಲ್ಲಿ ನೋಡುತ್ತಿದ್ದ ಅನ್ನಮ್ಮ, "ಚಾಲು," ಎಂದಳು.

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಕುಷ್ಟಗಿಯಲ್ಲಿ ಚಾಲೂ ಎಂದರೆ ನಡೆಯಲಿ, ನಿಲ್ಲಿಸಬೇಡ. ಊರಿನಿಂದ ಹೊಸದಾಗಿ ಬಂದಿದ್ದ ಗಂಗಾಬಾಯಿ ಇನ್ನೊಂದಿಷ್ಟು ಉದುರಿಸಿದಳು.

"ಚಾಲು ಅಮ್ಮಾ, ಚಾಲು."

ಗಂಗಾಬಾಯಿ ಕೈ ಚುರುಕು ಮಾಡಿದಳು. ಇಷ್ಟು ವರ್ಷ ಹೈದರಾಬಾದಿನಲ್ಲಿದ್ದ ಸುಮಂಗಲಾಳ ಕಿವಿಗೆ ಅದು ತೆಲುಗಾಗಿಯೇ ಬಿತ್ತು. ಅತ್ತೆ ನಿಲ್ಲಿಸಿದ್ದಾಳೆ ಎಂದುಕೊಂಡು ಅವಳು ನಿಶ್ಚಿಂತೆಯಿಂದ ಹುಬ್ಬಿನ ತುದಿ ತಿದ್ದಿದಳು. ಅನ್ನಮ್ಮನ ದನಿ ಏರಿತು. ಒಬ್ಬಳು ಸಾಕು ಸಾಕು ಎನ್ನುತ್ತಿದ್ದಳು, ಇನ್ನೊಬ್ಬಳು ಇಷ್ಟು ಅವಸರ ಯಾಕೆ ಎಂದು ಗೊಣಗುತ್ತ ಹೇಳಿದ್ದನ್ನು ಪಾಲಿಸುತ್ತಿದ್ದಳು. ಏನೋ ಎಡವಟ್ಟಾಗಿದೆ ಎಂದು ಸುಮಂಗಲಾಳಿಗೆ ಹೊಳೆದಾಗ ದಾರ ಹಲ್ಲಿನಲ್ಲೇ ಇತ್ತು. ಅವಳು ಬೇಡ ಎನ್ನಲು ಹೋಗಿ "ಹ್ಞೂಂ, ಹ್ಞೂಂ!" ಎಂದು ನರಳಿದಳು. ಸೊಸೆಯೂ ಹೂಂಗುಟ್ಟಿದ ಮೇಲೆ ಗಂಗಾಬಾಯಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಪ್ಯಾಕೆಟ್ಟನ್ನು ತಲೆಕೆಳಗು ಮಾಡಿ, ತಳಕ್ಕೆ ಎರಡೇಟು ಹಾಕಿ, ಜಾಡಿಸಿಬಿಟ್ಟಳು.

ಪುಡಿ ಮೊದಲು ಗಂಟುಗಂಟಾಗಿ ತೇಲಿತು. ಮಧ್ಯಾಹ್ನದ ಹೊತ್ತಿಗೆ ಬಟ್ಟಲಿನಲ್ಲಿ ಸೀರಮ್ ಇರಲಿಲ್ಲ. ನಡುಗುವ ಒಂದು ಮುದ್ದೆ ಇತ್ತು. ಚಮಚ ನೆಟ್ಟರೆ ನಿಲ್ಲುತ್ತಿತ್ತು. ತೆಳ್ಳಗಾಗಲೆಂದು ಸುಮಂಗಲಾ ನೀರು ಬೆರೆಸಿದಳು. ಮುದ್ದೆ ನೀರನ್ನು ಕುಡಿದು ದೊಡ್ಡದಾಯಿತು. ಅದನ್ನು ಕುಕ್ಕರಿಗೆ ಹಾಕಿದಳು, ಅಲ್ಲಿಂದ ಕೊಳಗಕ್ಕೆ, ಕೊಳಗದಿಂದ ಹೊಸ ಬಕೆಟ್ಟಿಗೆ. ಪಕ್ಕದ ಬ್ಯಾಟರಿ ಅಂಗಡಿಯಲ್ಲಿದ್ದ ಡಿಸ್ಟಿಲ್ಡ್ ವಾಟರೆಲ್ಲ ಖಾಲಿಯಾಯಿತು. ಅಂಗಡಿಯ ವೈಜನಾಥ ಎಷ್ಟು ಇನ್ವರ್ಟರ್ ಇಟ್ಟಿದ್ದೀರಿ ಎಂದು ವಿಚಾರಿಸಿದ. ತಪ್ಪು ತನ್ನದಲ್ಲ ಎಂಬ ಬಗ್ಗೆ ಗಂಗಾಬಾಯಿಗೆ ಖಾತ್ರಿಯಿತ್ತು. ಬಕೆಟ್ಟಿನ ಪಕ್ಕ ಕುಳಿತು ಸೌಟು ತಿರುವುತ್ತ, ಅಂಬಲಿಯಾಗಿದ್ದರೆ ಇಷ್ಟೊತ್ತಿಗೆ ಒಂದು ಮದುವೆಯ ಮಂದಿ ಉಂಡು ಹೋಗುತ್ತಿದ್ದರು ಎಂದಳು.

ಪೂರ್ವಿ ಬರುವ ಹೊತ್ತಿಗೆ ಸೀರಮ್ ಸರಿಯಾಗಿ ಹನಿಯುತ್ತಿತ್ತು. ಅವಳು ಕೈ ಮೇಲೆ ಸವರಿ ನೋಡಿ ಮೆಚ್ಚಿಕೊಂಡಳು. ಆಮೇಲೆ ಶೀಶೆಗೆ ಚೀಟಿ ಅಂಟಿಸಲು ಪೆನ್ನು ತೆಗೆದಳು.

"ಅಕ್ಕ, ಇದ್ರಲ್ಲಿ ಯಾವ್ದು ಎಷ್ಟು ಪರ್ಸೆಂಟ್ ಇದೆ?"

"ನೂರಕ್ಕ ನೂರು ಐತಿ ತಂಗಿ, ನಾನ ಹಾಕೀನಿ," ಎಂದಳು ಗಂಗಾಬಾಯಿ.

ಪೂರ್ವಿ ನಗು ತಡೆದುಕೊಂಡು ಸುಮಂಗಲಾಳನ್ನು ನೋಡಿದಳು. "ಎಲ್ರೂ ಐದು, ಎರಡು ಅಂತ ಏನೋ ಬರೀತಾರೆ. ಹಾಗೇ ಬರ್ಕೊಳ್ಲಾ?"

ಸುಮಂಗಲಾ ಬಕೆಟ್ಟನ್ನು ನೋಡಿದಳು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಕಂಪನಿಯಲ್ಲಿ ಎಷ್ಟೋ ಜನ ಆ ಚೀಟಿ ಓದಿ ಇದನ್ನು ಮುಖಕ್ಕೆ ಹಚ್ಚಿಕೊಳ್ಳುವವರಿದ್ದರು.

"ಬ್ಯಾಡ್ರಿ ಮೇಡಂ," ಎಂದಳು. "ಎಷ್ಟೈತಿ ಅಂತ ನನಗ ಖರೇನ ಗೊತ್ತಿಲ್ಲ. ನೀರು ಹಾಕ್ಕೋತ ಹೋಗೀನಿ. ಗೊತ್ತಿಲ್ಲ ಅಂತ ಬರೀರಿ."

ಪೂರ್ವಿ ಚೀಟಿಯಲ್ಲಿ ಹಾಗೆಯೇ ಬರೆದು, ಶೀಶೆ ತೆಗೆದುಕೊಂಡು ಹೋದಳು.

ಪರ್ಸೆಂಟ್ ಗೊತ್ತಿಲ್ಲದ ದ್ರವವನ್ನು ಕಟ್ಟಡದೊಳಗೆ ಬಿಡಲಾಗದು ಎಂದು ಕಂಪನಿಯ ಆಡಳಿತ ವಿಭಾಗ ಶೀಶೆಯನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿತು. ಮುಖದ ಕೆಲಸವೆಲ್ಲ ಅಮೀರ್‌ಪೇಟೆಯವರ ಪಾಲಾಯಿತು. ಹುಬ್ಬು ತೆಗೆಯುವ ದಾರಕ್ಕೂ ಪರ್ಸೆಂಟ್ ಇರುತ್ತದೆಯೇ ಎಂದು ಪೂರ್ವಿ ಆ ವಿಭಾಗಕ್ಕೆ ಪತ್ರ ಬರೆದಳು. ಇಲ್ಲ ಎಂದು ಉತ್ತರ ಬಂತು.

ಮುಂದಿನ ವಾರದಿಂದ ಮಂಗಳವಾರ ಆ ಕುರ್ಚಿ ಅಮೀರ್‌ಪೇಟೆಯವರದು. ಶುಕ್ರವಾರ ಸುಮಂಗಲಾ ಅದೇ ಕುರ್ಚಿಯಲ್ಲಿ ಹುಬ್ಬು ತೆಗೆಯುತ್ತಾಳೆ, ಹುಬ್ಬು ಮಾತ್ರ.