ಆರು ಬಾಟಲಿಯ ಹಸಿರು

ಬಣ್ಣದಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಬಣ್ಣ ಕಲಸುವಾಗ ಅವಳಷ್ಟು ತಾಳ್ಮೆ ಯಾರಿಗೂ ಇಲ್ಲ. ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ ಅಪ್ಪನ ಹಿಂದೆ ಹಿಂದೆಯೇ ಓಡಾಡಿ ಕಲಿತ ಕೆಲಸ ಅದು. ಶಾಲೆಯಲ್ಲಿ ಭಿನ್ನರಾಶಿಯ ಲೆಕ್ಕ ಕೊಟ್ಟಾಗ ಎಲ್ಲರೂ ಮೊದಲಿನಿಂದ ಶುರು ಮಾಡಿದರೆ ಇವಳು ಕೊನೆಗೆ ಉಳಿದದ್ದನ್ನು ಹಿಡಿದುಕೊಂಡು ಹಿಂದಕ್ಕೆ ನಡೆಯುತ್ತಿದ್ದಳು. ಟೀಚರ್ "ತಲೆಕೆಳಗಿನ ಹುಡುಗಿ" ಎಂದು ರೇಗಿಸುತ್ತಿದ್ದರು. ಮದುವೆಯಾದ ಮೇಲೆ ಗಂಡನನ್ನೂ ಮೈದುನನನ್ನೂ ಈ ಕೆಲಸಕ್ಕೆ ಹಚ್ಚಿದವಳು ಅವಳೇ. ಗೋಡೆಗೆ ಹೊಡೆಯುವುದು ಅವರಿಬ್ಬರು, ಕಲಸುವುದು ಇವಳೊಬ್ಬಳೇ. ಕಲಸಿದಾಗಲೆಲ್ಲ ಒಂದಿಷ್ಟನ್ನು ಮಾದರಿಗೆಂದು ಸಣ್ಣ ಶೀಶೆಯಲ್ಲಿ ತೆಗೆದಿಡುತ್ತಾಳೆ.

ಹಲ್ಲಿನ ಡಾಕ್ಟರ ಹೊಸ ದವಾಖಾನೆಯಲ್ಲಿ ಮೂರು ಗೋಡೆ ಮುಗಿದಿದ್ದವು. ನಾಲ್ಕನೆಯದಕ್ಕೆಂದೇ ಕಲಸಿಟ್ಟ ಬಕೆಟ್ಟು ಹಿಂದಿನ ಕೋಣೆಯಲ್ಲಿ ಕಂಠಪೂರ್ತಿ ತುಂಬಿ ಕೂತಿತ್ತು. ಆ ಬೆಳಿಗ್ಗೆ ಬಣ್ಣದಕ್ಕ ಮುಚ್ಚಳ ತೆಗೆದು, ರೋಲರ್ ಅದ್ದಿ, ಗೋಡೆಗೆ ಒಂದು ಪಟ್ಟಿ ಎಳೆದಳು. ಪಕ್ಕದ ಗೋಡೆ ತುಂಬು ಹಸಿರು. ಇದು ಜ್ವರದಿಂದ ಎದ್ದುಬಂದವರ ಮುಖ. ಒಣಗಿದರೂ ಸುಧಾರಿಸಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

"ಯಾರ್ರೀ ಇದಕ್ಕೆ ಬಿಳಿ ಸುರಿದಿದ್ದು? ಬಾಯಿ ಬಿಡಿ!"

ಮೈದುನ ತಲೆ ತಗ್ಗಿಸಿ, ಮೂಲೆಯಲ್ಲಿದ್ದ ಖಾಲಿ ಕ್ಯಾನಿನತ್ತ ಕೈ ತೋರಿಸಿದ. "ನಾನೇ ಅತ್ತಿಗೆ. ಮಗಳು ತನ್ನ ಕೋಣೆಗೂ ಇದೇ ಬಣ್ಣ ಬೇಕು ಅಂತ ಹಟ ಹಿಡಿದಿದ್ಳು. ಈ ಸಣ್ಣ ಕ್ಯಾನಿನ ತುಂಬ ತಗೊಂಡೆ. ಬಕೆಟ್ಟಿಗೆ ಇಂಥ ಮೂರು ಕ್ಯಾನು ಹಿಡಿಯುತ್ತೆ. ಮೂರರಲ್ಲಿ ಒಂದು ಪಾಲು, ಅಷ್ಟೇ. ಕಮ್ಮಿ ಕಾಣಬಾರದು ಅಂತ ಬಿಳಿ ತುಂಬಿಸಿಟ್ಟೆ."

"ಕೇಳಿದ್ರೆ ಕೊಡ್ತಿರಲಿಲ್ವೇನೋ? ನಾನೇನು ಸತ್ತುಹೋಗಿದ್ನಾ?"

ಗಂಡ ಏಣಿಯಿಂದ ಇಳಿದು ಬಂದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದ. "ಸುಳ್ಳು ಕಣೇ! ಒಂದು ಪಾಲು ತೆಗೆದ್ರೆ ಬಣ್ಣ ಇಷ್ಟು ಸಾಯುತ್ತಾ? ಮುಕ್ಕಾಲು ಬಕೆಟ್ಟು ಮಾರಿಕೊಂಡಿದಾನೆ. ತಮ್ಮ ಅಂತ ನಾನು ನೋಡಲ್ಲ. ಇವತ್ತೇ ಇವನನ್ನ ಕೆಲಸದಿಂದ ತೆಗಿ!"

ಮೈದುನನ ಕಣ್ಣು ತುಂಬಿತು. ಹೆಂಡತಿ, ಮಗಳು, ಬಾಡಿಗೆ ಮನೆ, ಎಲ್ಲ ಈ ಕೆಲಸದ ಮೇಲೆಯೇ ನಿಂತಿತ್ತು. "ಹೊರಡು" ಎಂಬ ಮಾತು ಬಣ್ಣದಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಬಣ್ಣ ಇಷ್ಟು ಸತ್ತದ್ದು ನಿಜ. ಒಂದು ಪಾಲಿಗೆ ಇಷ್ಟು ಸಾಯುವುದಿಲ್ಲ ಎಂಬುದೂ ನಿಜ.

ಹಲ್ಲು ಕಡಿಯುತ್ತಲೇ ಮಾದರಿಯ ಶೀಶೆ ತಂದಳು. ಒಂದು ಚಮಚ ಮಾದರಿಗೆ ಒಂದು ಚಮಚ ಬಿಳಿ ಬೆರೆಸಿ ರಟ್ಟಿಗೆ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಗೋಡೆಯ ಪಟ್ಟಿಗೆ ಹಿಡಿದಳು. ಇದು ಇನ್ನೂ ಗಾಢವಾಗಿತ್ತು. ಮತ್ತೆ ಒಂದು ಚಮಚ ಮಾದರಿಗೆ ಎರಡು ಚಮಚ ಬಿಳಿ ಬೆರೆಸಿ ಇನ್ನೊಂದು ರಟ್ಟಿಗೆ ಬಳಿದು ಒಣಗಿಸಿದಳು. ಈಗ ಗೋಡೆಯ ಪಟ್ಟಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅಂದರೆ ಬಕೆಟ್ಟಿನಲ್ಲಿ ಉಳಿದಿರುವುದು ಮೂರರಲ್ಲೊಂದು ಪಾಲು ಬಣ್ಣ.

"ಈ ಬಕೆಟ್ಟಿನ ಬಿಳಿಗೆ ನಾನು ಹಾಕಿದ್ದು ಆರು ಬಾಟಲಿ ಹಸಿರು," ಎಂದಳು. "ಈಗ ಇರೋದು ಎರಡು ಬಾಟಲಿಯಷ್ಟು. ಇಲ್ಲಿಂದ ಹಿಂದಕ್ಕೆ ಬರೋಣ. ಇವನು ಒಂದು ಕ್ಯಾನು ತೆಗೆದ, ಎರಡು ಕ್ಯಾನಿನಷ್ಟು ಬಿಟ್ಟ. ಆಮೇಲೆ ಸುರಿದ ಬಿಳಿಯಲ್ಲಿ ಹಸಿರು ಇರಲ್ಲ. ಹಾಗಾದ್ರೆ ಈ ಎರಡು ಬಾಟಲಿ ಹಸಿರು ಆ ಎರಡು ಕ್ಯಾನಿನದ್ದು. ಕ್ಯಾನಿಗೊಂದು ಬಾಟಲಿ. ಇವನು ತಗೊಂಡು ಹೋದ ಕ್ಯಾನಿನಲ್ಲೂ ಒಂದು. ಒಟ್ಟು ಮೂರು. ಇವನು ಕೈ ಹಾಕೋ ಮೊದಲೇ ಮೂರು ಬಾಟಲಿ ಮಾಯ!"

"ಅವನ ಮಾತು ನಂಬಿಕೊಂಡು ಲೆಕ್ಕ ಹಾಕ್ತೀಯಲ್ಲ!" ಎಂದು ಗಂಡ ಗದರಿದ.

"ಮಾತು ಯಾಕೆ ನಂಬಲಿ? ಕ್ಯಾನು ಇದೆಯಲ್ಲ." ಇವನೇ ಪೂರ್ತಿ ಕದ್ದಿದ್ದರೆ ಕ್ಯಾನಿನೊಳಗೆ ತುಂಬು ಹಸಿರು ಅಂಟಿರಬೇಕಿತ್ತು. ಅಂಚಿನಲ್ಲಿ ಒಣಗಿದ್ದ ಬಣ್ಣಕ್ಕೆ ಮೊದಲ ರಟ್ಟನ್ನು, ಚಮಚಕ್ಕೆ ಚಮಚ ಬಿಳಿ ಬೆರೆಸಿ ಬಳಿದದ್ದನ್ನು, ಹಿಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದು ಅರ್ಧ ಹಸಿರು. ಮೈದುನ ಮುಚ್ಚಳ ತೆಗೆದಾಗಲೇ ಬಕೆಟ್ಟು ಅರ್ಧ ಬಿಳಿಯಾಗಿತ್ತು.

"ತೆಳ್ಳಗೆ ಕಂಡಿತ್ತು ಅತ್ತಿಗೆ," ಎಂದ ಮೈದುನ. "ಒಣಗಿದ್ರೆ ಸರಿಹೋಗುತ್ತೇನೋ ಅಂದ್ಕೊಂಡೆ."

ಹಿಂದಿನ ಕೋಣೆಗೆ ಹೋಗಿಬರುತ್ತಿದ್ದವರು ಮೂವರೇ. ಬಣ್ಣದಕ್ಕ ಗಂಡನ ಕಡೆ ತಿರುಗಿದಳು. ಅಷ್ಟು ಹೊತ್ತು ಗಂಟಲು ಹರಿಯುವಂತೆ ಕಿರುಚಿದವನು ಈಗ ರೋಲರಿನ ಹಿಡಿಯನ್ನು ಉಜ್ಜುತ್ತಿದ್ದ.

"ಯಾರಿಗೆ ಕೊಟ್ರಿ?"

"ಸ್ನೇಹಿತನ ಅಂಗಡಿಗೆ... ಅರ್ಧ ಬಕೆಟ್ಟು. ಬಿಳಿ ತುಂಬಿಸಿಟ್ಟೆ. ನಿನಗೆ ಗೊತ್ತಾಗಲ್ಲ ಅಂತ..."

"ಇಷ್ಟು ಚೆನ್ನಾಗಿರೋ ಬಣ್ಣ ಯಾರು ಕಲಸಿದ್ದು ಅಂತ ಕೇಳಿದ್ರಾ ಅವರು?"

ಅವನು ಹೂಂ ಎಂದ.

"ಏನಂದ್ರಿ?"

"ನಾನೇ ಅಂದೆ," ಎಂದ ಕೊನೆಗೆ.

ಬಣ್ಣದಕ್ಕ ಮೈದುನನ ಕೈಗೆ ಹಸಿರಿನ ಬಾಟಲಿಗಳನ್ನಿತ್ತಳು. "ನಾಲ್ಕು ಹಾಕಿ ತಿರುಗಿಸೋ. ಈ ಗೋಡೆ ನೀನೇ ಹೊಡಿ. ಆಮೇಲೆ ನಿನ್ನನ್ನೂ ವಿಚಾರಿಸಿಕೊಳ್ತೀನಿ." ಗಂಡನ ಮುಖವನ್ನು ನೋಡದೆಯೇ ಅವನ ಕೈಯಿಂದ ರೋಲರ್ ಕಿತ್ತುಕೊಂಡಳು.

"ನೀವು ಹೊರಡಿ. ತಮ್ಮನ ಹೊಟ್ಟೆಗೆ ಹೊಡೆದು ನಿಮ್ಮ ತಪ್ಪು ಮುಚ್ಚಿಕೊಳ್ಳೋಕೆ ನೋಡಿದ್ರಲ್ಲ, ಅದಕ್ಕೆ ಎಷ್ಟು ಬಾಟಲಿ ಹಾಕಿದ್ರೆ ಸರಿಹೋಗುತ್ತೆ ಅನ್ನೋದು ನನಗೆ ಗೊತ್ತಿಲ್ಲ."