ಬರ್ಫು ಕರಗುವ ತನಕ

ಚಾಚಾ ಅವರ ಎಡಗೈ ನೋಡಿದವರು ಮೊದಲು ಬೆಚ್ಚುತ್ತಿದ್ದರು. ಮಣಿಕಟ್ಟಿನಿಂದ ಮೊಳಕೈವರೆಗೆ ನರ ಹಗ್ಗದಂತೆ ಉಬ್ಬಿ ನಿಂತಿತ್ತು. ಡಯಾಲಿಸಿಸ್‌ನ ದಪ್ಪ ಸೂಜಿ ಚುಚ್ಚಲೆಂದು ಆಪರೇಶನ್ ಮಾಡಿ ಹಾಗೆ ಮಾಡಿದ್ದರು. ಬೆರಳಿಟ್ಟರೆ ಒಳಗೆ ರಕ್ತ ಗುಂಯ್‌ಗುಡುವುದು ತಿಳಿಯುತ್ತಿತ್ತು. "ಮುಟ್ಟಿ ನೋಡ ಯವ್ವಾ, ಇಂಜಿನ್ ಚಾಲೂ ಐತಿ" ಎಂದು ನಗುತ್ತಿದ್ದರು. ಇಳಕಲ್ಲಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಹೇರುವ ಟೆಂಪೊ ಓಡಿಸಿದ ಕೈ ಅದು.

ಬಾಗಲಕೋಟೆಯ ದವಾಖಾನೆಯಲ್ಲಿ ಡಯಾಲಿಸಿಸ್‌ಗೆ ನಮ್ಮಿಬ್ಬರದು ಅಕ್ಕಪಕ್ಕದ ಮಂಚ. ನಾನು ಹುನಗುಂದದಿಂದ ಬಸ್ಸಿಗೆ ಬರುತ್ತಿದ್ದೆ. ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ಮಗಳು ಇನ್ನೂ ಸಣ್ಣ ಸಾಲೆಯಲ್ಲಿದ್ದಳು. ಆದರೂ ಸಾವಿನ ಭಯಕ್ಕಿಂತ ನೀರಡಿಕೆಯೇ ನನ್ನನ್ನು ಹೆಚ್ಚು ಕೊಂದಿತು ಎಂದರೆ ಯಾರೂ ನಂಬುವುದಿಲ್ಲ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ಅದಕ್ಕೆ ದಿನಕ್ಕೆ ಎರಡೇ ಲೋಟ ಎಂದಿದ್ದರು ಡಾಕ್ಟರು. ನಮ್ಮ ಕಡೆಯ ಬಿಸಿಲಿಗೆ ಎರಡು ಲೋಟ! ಬಸ್ಸಿನ ಕಿಟಕಿಯಲ್ಲಿ ಅಣೆಕಟ್ಟಿನ ಹಿನ್ನೀರು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನನ್ನ ತಮ್ಮ ಮೊಬೈಲಿಗೆ ವಿಡಿಯೊ ಕಳಿಸುತ್ತಿದ್ದ. ನಿನ್ನೆಯನ್ನು ಬಿಡಿ, ನಾಳೆಯನ್ನು ಬಿಡಿ, ಈ ಕ್ಷಣದಲ್ಲಿ ಬದುಕಿ ಎಂದು ಅದರಲ್ಲಿ ಯಾರೋ ಒಬ್ಬ ಹೇಳುತ್ತಿದ್ದ. ಹೇಳುವವನ ಪಕ್ಕದಲ್ಲೇ ತುಂಬಿದ ನೀರಿನ ಬಾಟಲಿ. ಅವನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡೆ. ನನ್ನ ಗಂಟಲು ಸುಡುತ್ತಿದ್ದುದು ಆ ಕ್ಷಣದಲ್ಲೇ ಅಲ್ಲವೇ?

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಕೊಡದಿಂದ ತಂಬಿಗೆ ತುಂಬಿ ತುಂಬಿ ಕುಡಿದೆ. ಸಂಜೆಗೆ ಉಸಿರು ಸಿಗದೆ ಒದ್ದಾಡುತ್ತಿದ್ದವಳನ್ನು ಗಂಡ ದವಾಖಾನೆಗೆ ತಂದು ಹಾಕಿದ. ಹೇಗೋ ಉಳಿದೆ. ನರ್ಸಿನಿಂದ ಹಿಡಿದು ಎಲ್ಲರೂ ಬೈದರು. ಚಾಚಾ ಮಾತ್ರ ಬೈಯಲಿಲ್ಲ.

"ನೀರಿನ ರುಚಿ ಹೆಂಗಿತ್ತ ಯವ್ವಾ?" ಎಂದರು.

ನೆನಪಾಗಲಿಲ್ಲ. ಯಾರಾದರೂ ನೋಡಿಯಾರೆಂಬ ಅಂಜಿಕೆಯಲ್ಲಿ ಗಟಗಟ ಇಳಿಸಿದ್ದೆ.

"ಹಂಗಾರ ನೀ ಕುಡದೇ ಇಲ್ಲ. ಸುಮ್ನ ಹೊಟ್ಟಿಗಿ ಸುರಕೊಂಡಿ."

ಅವರ ಹೆಂಡತಿ ಸಣ್ಣ ಥರ್ಮಾಸಿನಲ್ಲಿ ಬರ್ಫಿನ, ಅಂದರೆ ಐಸಿನ, ಎರಡು ತುಂಡು ಹಾಕಿ ಕಳಿಸುತ್ತಿದ್ದರು. ಅಂದು ಚಾಚಾ ಒಂದನ್ನು ನನಗೆ ಕೊಟ್ಟರು. "ಕಡೀಬ್ಯಾಡ. ನಾಲಿಗಿ ಮ್ಯಾಲ ಇಡು. ಕರಗೂತನಕ ಬ್ಯಾರೆ ಏನೂ ನೆನಸಬ್ಯಾಡ. ಮಗಳನ್ನೂ."

ಮೊದಲು ನಾಲಿಗೆ ಉರಿಯಿತು. ಆಮೇಲೆ ಹಲ್ಲಿನ ಬುಡಕ್ಕೆ ತಂಪು ಇಳಿಯಿತು. ಆಮೇಲೆ ನೀರು, ಒಂದೊಂದೇ ಹನಿ. ತಂಬಿಗೆಗಟ್ಟಲೆ ಕುಡಿದಾಗ ಸಿಗದ ರುಚಿ ಅದರಲ್ಲಿತ್ತು. ನನಗೆ ಅಳು ಬಂತು. ಅದನ್ನು ಮುಚ್ಚಲು, "ಚಾಚಾ, ನೀವು ಮಠದ ಸ್ವಾಮಿ ಆಗಬೇಕಿತ್ತು ನೋಡ್ರಿ" ಎಂದೆ.

"ಬೀಡಿ ಬಿಡಾಕ ಆಗಲಿಲ್ಲ ಯವ್ವಾ" ಎಂದರು.

ಅಂದಿನಿಂದ ಅವರ ಒಂದು ತುಂಡು ನನ್ನದಾಯಿತು.

ಮರುಬೇಸಿಗೆಯಲ್ಲಿ ಅವರ ಕೈಯೊಳಗಿನ ಗುಂಯ್‌ಗುಟ್ಟುವಿಕೆ ನಿಂತುಹೋಯಿತು. ಸೂಜಿ ಚುಚ್ಚಲು ಬೇರೆ ನರ ಉಳಿದಿಲ್ಲ ಎಂದರು ಡಾಕ್ಟರು. ಕುತ್ತಿಗೆಗೆ ನಳಿಕೆ ಹಾಕಿದರು. ಅದಕ್ಕೂ ಕೀವು ತುಂಬಿ ಮೇಲಿಂದ ಮೇಲೆ ಚಳಿಜ್ವರ. "ಇಂಜಿನ್ ಬಂದ್ ಬಿತ್ತು" ಎಂದು ಕೈ ಮುಂದೆ ಮಾಡಿದರು. ಈ ಸಲ ನಗಲಿಲ್ಲ.

ನನಗೆ ಅವರ ಮೇಲೇ ಸಿಟ್ಟು ಬಂತು. ಇವರೇ ಹೀಗೆ ಕೂತರೆ ನನ್ನ ಗತಿಯೇನು? "ಈಗ ನಿಮ್ಮ ಬರ್ಫು ಏನ್ ಮಾಡತೈತ್ರಿ?" ಎಂದು ಕೇಳಿಯೇಬಿಟ್ಟೆ.

"ನನಗೂ ಅಂಜಿಕಿ ಐತಿ ಯವ್ವಾ, ಭಾಳ ಐತಿ. ಬರ್ಫು ಕರಗೂತನಕ ಅದು ಬಾಗಲಾ ಹೊರಗ ನಿಂದರತೈತಿ. ಕರಗಿದ ಮ್ಯಾಲ ಮತ್ತ ಒಳಗ ಬರತೈತಿ."

"ಅಷ್ಟರಿಂದ ಏನ್ ಬಂತು?"

"ಅಷ್ಟೊತ್ತಾರ ನಂದು ಆತಲ್ಲ" ಎಂದು ಕಣ್ಣು ಮುಚ್ಚಿಕೊಂಡರು. ನಾವು ಆಡಿದ ಕೊನೆಯ ಮಾತು ಅದು.

ಮುಂದಿನ ಸಲ ಹೋದಾಗ ಆ ಮಂಚಕ್ಕೆ ಹೊಸ ಹಾಸು ಹಾಕಿದ್ದರು. ನನ್ನ ಮಂಚದಲ್ಲಿ ಮಲಗಿ ಕೈ ಚಾಚಿದೆ. ಸೂಜಿ ಚುಚ್ಚಿ ಮಶಿನ್ ಶುರುವಾದ ಮೇಲೆ ಅವರ ಮಗ ಬಂದ, ಕೈಯಲ್ಲಿ ಅದೇ ಥರ್ಮಾಸು.

"ಅಮ್ಮಿ ಕಳಿಸ್ಯಾಳ್ರಿ ಅಕ್ಕಾರ. ನಿಮ್ಮ ಪಾಲಿಂದು ಅಂತ."

ಒಳಗೆ ಒಂದೇ ತುಂಡು ಇತ್ತು. ನಾಲಿಗೆಯ ಮೇಲಿಟ್ಟುಕೊಂಡೆ. ಕರಗುವ ತನಕ ಬೇರೆ ಏನೂ ನೆನೆಯಬಾರದು ಎಂದಿದ್ದರು ಚಾಚಾ. ಮೊದಲಿನಿಂದ ಕೊನೆಯತನಕ ಅವರನ್ನೇ ನೆನೆದೆ. ಆ ನೀರಿನ ರುಚಿ ಹೇಗಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ.